ಪೈಪೋಟಿಗಾರರು ಸೇರಿ ಕಟ್ಟಿದ ನಿಲ್ದಾಣ

1975ರ ಜನವರಿ. ಸೋವಿಯತ್ ಒಕ್ಕೂಟದ ಸಲ್ಯೂಟ್ 3 ಬಾಹ್ಯಾಕಾಶ ನಿಲ್ದಾಣದ ಆಯಸ್ಸು ಮುಗಿಯುತ್ತಾ ಬಂದಿತ್ತು. ಒಳಗೆ ಯಾರೂ ಇರಲಿಲ್ಲ. ವಾತಾವರಣಕ್ಕೆ ಬಿದ್ದು ಉರಿದುಹೋಗುವ ಮುಂಚೆ ನೆಲದಿಂದಲೇ ಆದೇಶ ಕಳಿಸಿ ಒಂದು ಪರೀಕ್ಷೆ ಮಾಡಿದರು. ನಿಲ್ದಾಣದ ಹೊಟ್ಟೆಗೆ ಜೋಡಿಸಿದ್ದ ತೋಪನ್ನು ಹಾರಿಸಿ ನೋಡಿದರು. ಹೌದು, ತೋಪು. ವಿಮಾನಕ್ಕೆಂದು ಮಾಡಿದ್ದನ್ನೇ ಸ್ವಲ್ಪ ಬದಲಿಸಿ ಇಟ್ಟಿದ್ದರು. ಅದನ್ನು ತಿರುಗಿಸಲು ಬರುತ್ತಿರಲಿಲ್ಲ. ಗುರಿ ಹಿಡಿಯಬೇಕೆಂದರೆ ಇಡೀ ನಿಲ್ದಾಣವನ್ನೇ ತಿರುಗಿಸಬೇಕಿತ್ತು.

ಅದೇ ವರ್ಷ ಜುಲೈ 17ರಂದು ಸೋವಿಯತ್ ಸೋಯುಜ್ ನೌಕೆ ಮತ್ತು ಅಮೆರಿಕದ ಅಪೊಲೊ ನೌಕೆ ಭೂಮಿಯ ಮೇಲೆ ಸುತ್ತುತ್ತಲೇ ಒಂದಕ್ಕೊಂದು ಜೋಡಿಸಿಕೊಂಡವು. ಎರಡು ನೌಕೆಗಳ ನಾಯಕರಾದ ಅಲೆಕ್ಸಿ ಲಿಯೊನೊವ್ ಮತ್ತು ಥಾಮಸ್ ಸ್ಟ್ಯಾಫರ್ಡ್ ಕೈಕುಲುಕಿದರು. ತೋಪಿಗೂ ಕೈಕುಲುಕಿಗೂ ನಡುವೆ ಇದ್ದದ್ದು ಆರು ತಿಂಗಳು ಅಷ್ಟೇ. ಈ ಆರು ತಿಂಗಳಲ್ಲಿ ಎರಡು ದೇಶಗಳ ಮನಸ್ಸು ಬದಲಾಯಿತು ಅಂತ ಅಂದುಕೊಂಡರೆ ತಪ್ಪಾಗುತ್ತದೆ. ಎರಡೂ ಕೆಲಸ ಒಟ್ಟಿಗೇ ನಡೆಯುತ್ತಿದ್ದವು. ಬಾಹ್ಯಾಕಾಶ ನಿಲ್ದಾಣಗಳ ಐವತ್ತು ವರ್ಷದ ಕಥೆ ಇರುವುದೇ ಹೀಗೆ. ಹಗೆಯೂ ಸಹಕಾರವೂ ಒಂದೇ ಕಾಲಕ್ಕೆ ನಡೆದಿವೆ, ಎಷ್ಟೋ ಸಲ ಒಂದೇ ಕಾರ್ಖಾನೆಯಲ್ಲಿ.

ಮೊದಲ ನಿಲ್ದಾಣ ಸಲ್ಯೂಟ್ 1 ಮೇಲೇರಿದ್ದು 1971ರ ಏಪ್ರಿಲ್ 19ರಂದು. ಚಂದ್ರನ ಮೇಲೆ ಅಮೆರಿಕ ಕಾಲಿಟ್ಟಾಗಿತ್ತು, ಮಾಸ್ಕೋಗೆ ಬೇರೆ ಯಾವುದರಲ್ಲಾದರೂ ಮೊದಲಿಗರಾಗಬೇಕಿತ್ತು. ಅಲ್ಲಿ ಮೂರು ವಾರಕ್ಕೂ ಹೆಚ್ಚು ಇದ್ದ ದೊಬ್ರೊವೊಲ್ಸ್ಕಿ, ವೊಲ್ಕೊವ್, ಪತ್ಸಾಯೆವ್ ಮರಳಿ ಬರುವಾಗ ನೌಕೆಯ ಒಂದು ವಾಲ್ವ್ ತೆರೆದುಕೊಂಡು, ಗಾಳಿಯೆಲ್ಲ ಸೋರಿಹೋಗಿ ಸತ್ತರು. ಮೂವರನ್ನು ಕೂರಿಸಲು ಜಾಗ ಸಾಲದೆ ಒತ್ತಡದ ಉಡುಪು ಕೊಟ್ಟಿರಲಿಲ್ಲ. ಅಮೆರಿಕದ ವಾಯುಪಡೆ ತನ್ನದೇ ಬೇಹುಗಾರಿಕೆ ನಿಲ್ದಾಣಕ್ಕಾಗಿ 1963ರಿಂದ ತಯಾರಿ ನಡೆಸಿ, 1969ರಲ್ಲಿ ಕೈಬಿಟ್ಟಿತ್ತು. ಆಮೇಲೆ 1973ರಲ್ಲಿ ನಾಸಾದ ಸ್ಕೈಲ್ಯಾಬ್ ಬಂತು. ಮೂರು ತಂಡಗಳು ಅಲ್ಲಿ ಉಳಿದು ಬಂದವು, 1979ರಲ್ಲಿ ಅದು ಆಸ್ಟ್ರೇಲಿಯಾದ ಪಶ್ಚಿಮ ಭಾಗದ ಮೇಲೆ ಚೂರುಚೂರಾಗಿ ಬಿತ್ತು.

ಈಗ ಆ ಕೈಕುಲುಕಿನ ಹಿಂದೆ ಇದ್ದ ಯಂತ್ರವನ್ನು ಹತ್ತಿರದಿಂದ ನೋಡೋಣ. ಫೋಟೋದಲ್ಲಿ ಬಂದವರು ಲಿಯೊನೊವ್ ಮತ್ತು ಸ್ಟ್ಯಾಫರ್ಡ್. ನನಗೆ ಮಾತ್ರ ಆ ದಿನದ ದೊಡ್ಡ ಕೆಲಸ ಮಾಡಿದ್ದು ಒಂದು ಲೋಹದ ಬಳೆ ಅನ್ನಿಸುತ್ತದೆ.

ಅಲ್ಲಿಯವರೆಗೆ ಎರಡು ನೌಕೆ ಜೋಡಿಸುವ ಕ್ರಮ ಹೀಗಿತ್ತು: ಒಂದರ ಮೂತಿಯಲ್ಲಿ ಚಾಚಿದ ಕೋಲು, ಇನ್ನೊಂದರಲ್ಲಿ ಅದು ಬಂದು ಸೇರುವ ಆಲಿಕೆಯಂಥ ಗುಂಡಿ. ಒಬ್ಬರು ಚುಚ್ಚಬೇಕು, ಇನ್ನೊಬ್ಬರು ಚುಚ್ಚಿಸಿಕೊಳ್ಳಬೇಕು. ಶೀತಲ ಸಮರದ ನಡುವೆ ಆ ಎರಡನೇ ಪಾತ್ರ ಯಾರಿಗೂ ಬೇಡ. ತಾಂತ್ರಿಕವಾಗಿಯೂ ಅದು ತೊಂದರೆಯೇ. ಕೋಲಿರುವ ಎರಡು ನೌಕೆಗಳು ಕಷ್ಟಕಾಲದಲ್ಲಿ ಒಂದನ್ನೊಂದು ಸೇರಲಾರವು. ಸೋವಿಯತ್ ಎಂಜಿನಿಯರ್ ವ್ಲಾದಿಮಿರ್ ಸಿರೊಮ್ಯಾತ್ನಿಕೊವ್ ಮತ್ತು ಅವರ ಅಮೆರಿಕನ್ ಜೊತೆಗಾರರು ಸೇರಿ ಎರಡೂ ಕಡೆ ಒಂದೇ ರೂಪ ಇರುವ ಜೋಡಣೆಯನ್ನು ಮಾಡಿದರು. ಪ್ರತಿ ಕಡೆಯೂ ಒಂದು ಬಳೆ, ಬಳೆಯ ಮೇಲೆ ಓರೆಯಾಗಿ ಎದ್ದ ಮೂರು ಎಸಳು. ಎರಡು ಕೈಗಳ ಬೆರಳು ಹೆಣೆದುಕೊಳ್ಳುವ ಹಾಗೆ ಇದರ ಎಸಳು ಅದರ ಸಂದಿಗೆ, ಅದರ ಎಸಳು ಇದರ ಸಂದಿಗೆ. ಯಾವ ಕಡೆಯಾದರೂ ಬಳೆ ಮುಂದೆ ಚಾಚಿ ಹಿಡಿಯಬಹುದು, ಆಗ ಇನ್ನೊಂದು ಕಡೆ ಸುಮ್ನೆ ಇದ್ದರೆ ಸಾಕು. ಡಿಕ್ಕಿಯ ಪೆಟ್ಟು ತಡೆಯಲು ಅಮೆರಿಕನ್ನರು ದ್ರವ ತುಂಬಿದ ಆಘಾತ ತಡೆ ಬಳಸಿದರು, ಸೋವಿಯತ್ತರು ವಿದ್ಯುತ್ ಬ್ರೇಕ್ ಬಳಸಿದರು. ಬಳೆ, ಎಸಳು, ಕೊಂಡಿಗಳ ಅಳತೆ ಮಾತ್ರ ಒಂದೇ. ಒಳಗೆ ನಿನಗೆ ಬೇಕಾದಂತೆ ಮಾಡಿಕೋ, ಮುಟ್ಟುವ ಜಾಗದಲ್ಲಿ ಒಪ್ಪಿದ ಅಳತೆ ಇರಲಿ. ಆ ಹಾರಾಟದಲ್ಲಿ ಎರಡು ಸಲ ಜೋಡಿಸಿದರು. ಮೊದಲ ಸಲ ಅಪೊಲೊ ಕೈಚಾಚಿತು, ಎರಡನೇ ಸಲ ಸೋಯುಜ್.

ಗಾಳಿಯದ್ದೂ ಒಂದು ಸಮಸ್ಯೆ ಇತ್ತು. ಸೋಯುಜ್ ಒಳಗೆ ನಾವು ಉಸಿರಾಡುವಂಥದ್ದೇ ಗಾಳಿ, ನೆಲದ ಮೇಲಿನಷ್ಟೇ ಒತ್ತಡ. ಅಪೊಲೊ ಒಳಗೆ ಬರೀ ಆಮ್ಲಜನಕ, ಒತ್ತಡ ಸುಮಾರು ಮೂರನೇ ಒಂದು ಭಾಗ. ಸೋಯುಜ್‌ನಿಂದ ಅಪೊಲೊಗೆ ನೇರ ದಾಟಿದರೆ, ಆಳದಿಂದ ಒಮ್ಮೆಲೇ ಮೇಲೆ ಬಂದ ಮುಳುಗುಗಾರರಿಗೆ ಆಗುವಂತೆ ರಕ್ತದಲ್ಲಿ ಸಾರಜನಕದ ಗುಳ್ಳೆ ಏಳುತ್ತದೆ. ಅದಕ್ಕಾಗಿ ನಡುವೆ ಒಂದು ಪುಟ್ಟ ಕೋಣೆ ಕಟ್ಟಿ ಒಯ್ದರು. ಸೋಯುಜ್‌ನವರು ತಮ್ಮ ಒತ್ತಡವನ್ನೂ ಸ್ವಲ್ಪ ಇಳಿಸಿಕೊಂಡರು.

ಆ ಹಾರಾಟದ ನಂತರ ಸ್ನೇಹ ಮುಂದುವರಿಯಲಿಲ್ಲ. ಸೋವಿಯತ್ತರು ತಮ್ಮ ಮಿತ್ರ ದೇಶಗಳವರನ್ನು ಸಲ್ಯೂಟ್‌ಗೆ ಕರೆದೊಯ್ಯತೊಡಗಿದರು. 1978ರಲ್ಲಿ ಜೆಕೊಸ್ಲೊವಾಕಿಯಾದ ವ್ಲಾದಿಮಿರ್ ರೆಮೆಕ್ ಹೋದರು, 1984ರ ಏಪ್ರಿಲ್‌ನಲ್ಲಿ ನಮ್ಮ ರಾಕೇಶ್ ಶರ್ಮ ಸಲ್ಯೂಟ್ 7ರಲ್ಲಿ ಒಂದು ವಾರ ಇದ್ದು ಬಂದರು. ಅದೇ 1984ರ ಜನವರಿಯಲ್ಲಿ ಅಧ್ಯಕ್ಷ ರೇಗನ್ ಹತ್ತು ವರ್ಷದೊಳಗೆ ಅಮೆರಿಕ ತನ್ನ ನಿಲ್ದಾಣ ಕಟ್ಟಬೇಕು ಅಂತ ಘೋಷಿಸಿದ್ದರು. ಆಮೇಲೆ ಅದಕ್ಕೆ ಫ್ರೀಡಂ ಅನ್ನುವ ಹೆಸರಿಟ್ಟರು. ಆ ಹೆಸರೇ ಸಾಕು, ಯಾರಿಗೆ ಹೇಳಿದ್ದು ಅಂತ ಗೊತ್ತಾಗುತ್ತದೆ, ಅಲ್ವಾ?

ಫ್ರೀಡಂ ಕಾಗದದ ಮೇಲೆ ಬದಲಾಗುತ್ತಲೇ ಹೋಯಿತು. 1993ರ ಹೊತ್ತಿಗೆ ಸಾವಿರ ಕೋಟಿ ಡಾಲರಿಗೂ ಜಾಸ್ತಿ ಖರ್ಚಾಗಿತ್ತು, ಒಂದು ತುಂಡೂ ಮೇಲೆ ಹೋಗಿರಲಿಲ್ಲ. ಆ ವರ್ಷ ಜೂನ್‌ನಲ್ಲಿ ಯೋಜನೆಯನ್ನೇ ರದ್ದು ಮಾಡುವ ತಿದ್ದುಪಡಿ ಅಮೆರಿಕದ ಕೆಳಮನೆಗೆ ಬಂತು. 215 ಪರ, 216 ವಿರುದ್ಧ. ಒಂದೇ ಮತದಲ್ಲಿ ನಿಲ್ದಾಣ ಉಳಿಯಿತು. ಇತ್ತ ರಷ್ಯಾದಲ್ಲಿ ಮೀರ್ ನಿಲ್ದಾಣ ಇತ್ತು, ಅದನ್ನು ನಡೆಸಲು ದುಡ್ಡಿರಲಿಲ್ಲ. ಸೆರ್ಗೆಯ್ ಕ್ರಿಕಾಲ್ಯೊವ್ 1991ರ ಮೇ ತಿಂಗಳಲ್ಲಿ ಸೋವಿಯತ್ ಪ್ರಜೆಯಾಗಿ ಮೀರ್‌ಗೆ ಹೋದವರು. 311 ದಿನ ಕಳೆದು 1992ರ ಮಾರ್ಚ್‌ನಲ್ಲಿ ಇಳಿದಾಗ ಆ ದೇಶವೇ ಇರಲಿಲ್ಲ.

ಒಬ್ಬರ ಹತ್ತಿರ ದುಡ್ಡಿದೆ, ನಿಲ್ದಾಣವಿಲ್ಲ. ಇನ್ನೊಬ್ಬರ ಹತ್ತಿರ ನಿಲ್ದಾಣವಿದೆ, ದುಡ್ಡಿಲ್ಲ. ಜೊತೆಗೆ ಅಮೆರಿಕಕ್ಕೆ ಇನ್ನೊಂದು ಹೆದರಿಕೆ. ಸಂಬಳವಿಲ್ಲದ ರಷ್ಯದ ರಾಕೆಟ್ ತಜ್ಞರು ತಮ್ಮ ವಿದ್ಯೆಯನ್ನು ಬೇರೆ ದೇಶಗಳಿಗೆ ಮಾರಿಬಿಟ್ಟರೆ? 1993ರ ಸೆಪ್ಟೆಂಬರ್ 2ರಂದು ಉಪಾಧ್ಯಕ್ಷ ಅಲ್ ಗೋರ್ ಮತ್ತು ಪ್ರಧಾನಿ ಚೆರ್ನೊಮಿರ್ದಿನ್ ಒಟ್ಟಿಗೆ ನಿಲ್ದಾಣ ಕಟ್ಟುವ ಒಪ್ಪಂದಕ್ಕೆ ಬಂದರು.

ಆ ಒಪ್ಪಂದಕ್ಕೆ ಬೆಲೆ ತೆತ್ತವರಲ್ಲಿ ಭಾರತವೂ ಒಂದು. ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರಬೇಕಾದ ವಿಷಯ. 1991ರಲ್ಲಿ ಇಸ್ರೋ ಆಗಿನ ಸೋವಿಯತ್ ಒಕ್ಕೂಟದ ಬಾಹ್ಯಾಕಾಶ ಸಂಸ್ಥೆ ಗ್ಲಾವ್‌ಕಾಸ್ಮೋಸ್ ಜೊತೆ ಕ್ರಯೋಜೆನಿಕ್ ಎಂಜಿನ್ ಮತ್ತು ಅದರ ತಂತ್ರಜ್ಞಾನ ಪಡೆಯುವ ಒಪ್ಪಂದ ಮಾಡಿಕೊಂಡಿತ್ತು. ಅತಿ ತಣ್ಣಗಿನ ದ್ರವ ಜಲಜನಕ, ದ್ರವ ಆಮ್ಲಜನಕ ಉರಿಸುವ ಆ ಎಂಜಿನ್ ತಯಾರಾಗಿ ಉರಿಯಲು ಎಷ್ಟೋ ಹೊತ್ತು ಬೇಕು. ಕ್ಷಿಪಣಿಗೆ ಅದು ಅನುಕೂಲದ್ದಲ್ಲ. ಆದರೂ ಕ್ಷಿಪಣಿ ತಂತ್ರಜ್ಞಾನ ಹರಡುತ್ತದೆ ಅನ್ನುವ ಕಾರಣ ಕೊಟ್ಟು 1992ರ ಮೇನಲ್ಲಿ ಅಮೆರಿಕ ಎರಡೂ ಸಂಸ್ಥೆಗಳ ಮೇಲೆ ನಿರ್ಬಂಧ ಹೇರಿತು. 1993ರ ಜುಲೈನಲ್ಲಿ ರಷ್ಯಾ ತಂತ್ರಜ್ಞಾನ ಕೊಡುವ ಮಾತಿನಿಂದ ಹಿಂದೆ ಸರಿಯಿತು. ಎರಡು ತಿಂಗಳು ತುಂಬುವುದರೊಳಗೆ ನಿಲ್ದಾಣದ ಒಪ್ಪಂದ ಕೈಗೂಡಿತು. ನಮಗೆ ಏಳು ಸಿದ್ಧ ಎಂಜಿನ್ ಸಿಕ್ಕವು, ಮಾಡುವ ವಿದ್ಯೆ ಸಿಗಲಿಲ್ಲ. ನಮ್ಮದೇ ಕ್ರಯೋಜೆನಿಕ್ ಎಂಜಿನ್ ಹೊತ್ತ ಜಿಎಸ್‌ಎಲ್‌ವಿ ಯಶಸ್ವಿಯಾಗಿ ಹಾರಿದ್ದು 2014ರ ಜನವರಿ 5ರಂದು. ಇಪ್ಪತ್ತು ವರ್ಷದ ಮೇಲಾಯಿತು. ಅಂತರರಾಷ್ಟ್ರೀಯ ನಿಲ್ದಾಣವನ್ನು ಮನುಕುಲದ ಒಗ್ಗಟ್ಟಿನ ಗುರುತು ಅಂತ ಹೊಗಳುವಾಗ ನಾನು ತಲೆಯಾಡಿಸುತ್ತೇನೆ, ಅದು ನಿಜವೂ ಹೌದು. ಆದರೆ ಆ ಒಗ್ಗಟ್ಟು ಕೆಲವರನ್ನು ಹೊರಗೆ ನಿಲ್ಲಿಸಿ ಆದದ್ದು ಅನ್ನುವುದೂ ಅಷ್ಟೇ ನಿಜ.

ಇನ್ನು ನಿಲ್ದಾಣ. ಅದರ ಮೊದಲ ತುಂಡು ಝಾರ್ಯಾ 1998ರ ನವೆಂಬರ್ 20ರಂದು ಕಜಕಸ್ತಾನದ ಬೈಕನೂರು ಉಡಾವಣಾ ನೆಲೆಯಿಂದ ಹೊರಟಿತು. ಕಟ್ಟಿದ್ದು ರಷ್ಯಾ, ದುಡ್ಡು ಅಮೆರಿಕದ್ದು. ಎರಡು ವಾರದ ನಂತರ ಅಮೆರಿಕದ ಶಟಲ್ ನೌಕೆ ಯೂನಿಟಿ ಅನ್ನುವ ಮಾಡ್ಯೂಲನ್ನು ತಂದು ಅದಕ್ಕೆ ಜೋಡಿಸಿತು. ಜೋಡಿಸಿದ್ದು 1975ರ ಆ ಬಳೆಯ ವಂಶದ್ದೇ. ಸಿರೊಮ್ಯಾತ್ನಿಕೊವ್ ಅದನ್ನು ಸೋವಿಯತ್ ಶಟಲ್ ಬುರಾನ್‌ಗಾಗಿ ತಿದ್ದಿ ಇಟ್ಟಿದ್ದರು. ಬುರಾನ್ ಮನುಷ್ಯರನ್ನು ಹೊತ್ತು ಹಾರಲೇ ಇಲ್ಲ. 1995ರಲ್ಲಿ ಅದೇ ಜೋಡಣೆ ಹಿಡಿದು ಮೀರ್ ಸೇರಿದ್ದು ಅಮೆರಿಕದ ಶಟಲ್ ಅಟ್ಲಾಂಟಿಸ್. 2000ದ ನವೆಂಬರ್ 2ರಿಂದ ಇಲ್ಲಿಯವರೆಗೆ ಆ ನಿಲ್ದಾಣ ಒಂದು ದಿನವೂ ಖಾಲಿ ಬಿದ್ದಿಲ್ಲ. ಮೊದಲ ತಂಡದಲ್ಲಿದ್ದವರಲ್ಲಿ ಒಬ್ಬರು ಅದೇ ಕ್ರಿಕಾಲ್ಯೊವ್.

ನಿಲ್ದಾಣದ ತೂಕ ಸುಮಾರು 420 ಟನ್, ಉದ್ದ 109 ಮೀಟರ್, ಪಾಲುದಾರ ದೇಶ 15. ಆದರೆ ಅದರ ಜಾಣತನ ಇರುವುದು ಕೆಲಸ ಹಂಚಿಕೊಂಡ ರೀತಿಯಲ್ಲಿ. ವಿದ್ಯುತ್ತಿನ ಹೆಚ್ಚಿನ ಭಾಗ ಅಮೆರಿಕದ ಸೌರ ಫಲಕಗಳಿಂದ ಬರುತ್ತದೆ. ರಷ್ಯದ ಭಾಗವೂ ಅದನ್ನು ಬಳಸುತ್ತದೆ. ದಿನನಿತ್ಯ ನಿಲ್ದಾಣವನ್ನು ಸರಿಯಾದ ದಿಕ್ಕಿಗೆ ಹಿಡಿಯುವುದು ಅಮೆರಿಕದ ನಾಲ್ಕು ದೊಡ್ಡ ಗೈರೊಸ್ಕೋಪ್‌ಗಳು, ಅಂದರೆ ವೇಗವಾಗಿ ತಿರುಗುವ ಭಾರದ ಚಕ್ರಗಳು. ಅವುಗಳಿಗೂ ಒಂದು ಮಿತಿ ಇದೆ. ಮಿತಿ ಮುಟ್ಟಿದಾಗ ರಷ್ಯದ ರಾಕೆಟ್ ಎಂಜಿನ್‌ಗಳು ಉರಿದು ಆ ಭಾರ ಇಳಿಸಬೇಕು. 400 ಕಿ.ಮೀ. ಎತ್ತರದಲ್ಲೂ ತೆಳುವಾದ ಗಾಳಿ ಇರುತ್ತದೆ, ಅದು ನಿಲ್ದಾಣವನ್ನು ಕೆಳಗೆಳೆಯುತ್ತಲೇ ಇರುತ್ತದೆ. ಮತ್ತೆ ಮೇಲಕ್ಕೆ ತಳ್ಳುವ ಕೆಲಸ ಹೆಚ್ಚಾಗಿ ರಷ್ಯದ ಪ್ರೊಗ್ರೆಸ್ ನೌಕೆಗಳದ್ದು. ಈಚೆಗೆ ಅಮೆರಿಕದ ಸರಕು ನೌಕೆಗಳೂ ಇದನ್ನು ಕಲಿತಿವೆ. ಆದರೂ ಬಿಡಿಸಿಕೊಂಡು ಬೇರೆ ಹೋಗುವುದು ಸುಲಭವಲ್ಲ.

ಅದಕ್ಕೇ 2003ರಲ್ಲಿ ಕೊಲಂಬಿಯಾ ಶಟಲ್ ಒಡೆದು ಏಳು ಜನ ತೀರಿಕೊಂಡ ಮೇಲೆ ಸೋಯುಜ್ ನೌಕೆಗಳೇ ನಿಲ್ದಾಣವನ್ನು ಉಳಿಸಿದವು. ಅದಕ್ಕೇ 2022ರಲ್ಲಿ ಯುಕ್ರೇನ್ ಯುದ್ಧ ಶುರುವಾಗಿ ತಿಂಗಳಾದ ಮೇಲೂ ಅಮೆರಿಕದ ಮಾರ್ಕ್ ವಾಂಡೆ ಹೈ ಇಬ್ಬರು ರಷ್ಯನ್ನರ ಜೊತೆ ಸೋಯುಜ್‌ನಲ್ಲೇ ಕಜಕಸ್ತಾನಕ್ಕೆ ಇಳಿದರು.

ಅದೇ ವರ್ಷದ ಕೊನೆಯಲ್ಲಿ ನಡೆದ ಒಂದು ಘಟನೆ ನನಗೆ ಇನ್ನೂ ಮುಖ್ಯ. ಡಿಸೆಂಬರ್‌ನಲ್ಲಿ ನಿಲ್ದಾಣಕ್ಕೆ ಕಟ್ಟಿದ್ದ ಸೋಯುಜ್ ಎಂಎಸ್-22ರಿಂದ ತಂಪುಕಾರಕ ದ್ರವ ಸೋರಿಹೋಯಿತು. ಮೂರು ಜನ ಅದರಲ್ಲಿ ಕೂತು ಇಳಿದರೆ ಒಳಗೆ ಶಾಖ ಮಿತಿಮೀರುವ ಭಯ. ಬದಲಿ ನೌಕೆ ಬರುವವರೆಗೆ ತುರ್ತು ಬಂದರೆ ಏನು ಮಾಡುವುದು? ಸೋಯುಜ್‌ನಲ್ಲಿ ಪ್ರತಿಯೊಬ್ಬರ ಮೈ ಅಳತೆಗೆ ಅಚ್ಚು ತೆಗೆದು ಮಾಡಿದ ಆಸನದ ಹಾಸು ಇರುತ್ತದೆ. ನೆಲಕ್ಕೆ ಬಡಿಯುವಾಗ ಬೆನ್ನು ಉಳಿಯುವುದು ಅದರಿಂದ. ಅಮೆರಿಕದ ಫ್ರಾಂಕ್ ರುಬಿಯೊ ಅವರ ಹಾಸನ್ನು ಅಲ್ಲಿಂದ ಬಿಚ್ಚಿ, ಪಕ್ಕದಲ್ಲಿದ್ದ ಸ್ಪೇಸ್‌ಎಕ್ಸ್‌ನ ಡ್ರ್ಯಾಗನ್ ಒಳಗೆ ಕೂರಿಸಿದರು. ರುಬಿಯೊ ಒಬ್ಬರು ಬೇರೆ ನೌಕೆಗೆ ಹೋದರೆ ಉಳಿದ ಇಬ್ಬರು ರಷ್ಯನ್ನರಿಗೆ ಸೋಯುಜ್‌ನಲ್ಲಿ ಅಷ್ಟು ಬಿಸಿ ತಟ್ಟುವುದಿಲ್ಲ. ಆ ಡ್ರ್ಯಾಗನ್‌ನಲ್ಲಿ ಮೇಲೆ ಬಂದಿದ್ದ ನಾಲ್ವರಲ್ಲಿ ಒಬ್ಬರು ರಷ್ಯದ ಆ್ಯನಾ ಕಿಕಿನಾ. ಕೆಳಗೆ ಎರಡು ಸರ್ಕಾರಗಳ ನಡುವೆ ಮಾತೇ ನಿಂತಂತಿದ್ದ ಕಾಲ ಅದು.

ಚೀನಾ ಈ ಮನೆಯ ಒಳಗೆ ಬರಲಿಲ್ಲ. 2011ರಲ್ಲಿ ಅಮೆರಿಕದ ಸಂಸತ್ತು ನಾಸಾ ತನ್ನ ಹಣದಲ್ಲಿ ಚೀನಾದೊಂದಿಗೆ ನೇರ ಸಹಕಾರ ಮಾಡದಂತೆ ಕಾನೂನು ತಂದಿತು. ಚೀನಾ ತನ್ನದೇ ತಿಯಾನ್‌ಗಾಂಗ್ ಕಟ್ಟಿತು. 2021ರ ಏಪ್ರಿಲ್‌ನಲ್ಲಿ ಮೊದಲ ಮಾಡ್ಯೂಲ್, 2022ರ ಅಕ್ಟೋಬರ್ ಕೊನೆಗೆ ಮೂರನೆಯದು. ಹೊರಗಿಟ್ಟರೆ ಹಿಂದುಳಿಯುತ್ತಾರೆ ಅನ್ನುವ ಲೆಕ್ಕ ಇಲ್ಲಿಯೂ ತಪ್ಪಿತು, ಕ್ರಯೋಜೆನಿಕ್ ವಿಷಯದಲ್ಲೂ ತಪ್ಪಿತು. ಆ ನಿಲ್ದಾಣದ ಬಾಗಿಲನ್ನು ಚೀನಾ ವಿಶ್ವಸಂಸ್ಥೆಯ ಮೂಲಕ ಬೇರೆಯವರ ಪ್ರಯೋಗಗಳಿಗೆ ತೆರೆಯಿತು. 2019ರಲ್ಲಿ ಆಯ್ಕೆಯಾದ ಒಂಬತ್ತು ಪ್ರಯೋಗಗಳಲ್ಲಿ ಒಂದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ರಷ್ಯದ ವಿಜ್ಞಾನಿಗಳ ಜೊತೆ ಸೇರಿ ರೂಪಿಸಿದ್ದು.

ಈಗ ಒಂದು ಪ್ರಶ್ನೆ. ತಿಯಾನ್‌ಗಾಂಗ್‌ನಲ್ಲಿ ಅಪಾಯ ಬಂದರೆ ಅಲ್ಲಿದ್ದವರು ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಹೋಗಿ ಉಳಿದುಕೊಳ್ಳಬಹುದೇ? ಆಗುವುದಿಲ್ಲ. ಕಾನೂನು, ಬಾಗಿಲ ಅಳತೆ ಎಲ್ಲ ಬದಿಗಿಡಿ, ಕಕ್ಷೆಯೇ ಬಿಡುವುದಿಲ್ಲ. ಸಮಭಾಜಕಕ್ಕೆ ಹೋಲಿಸಿದರೆ ತಿಯಾನ್‌ಗಾಂಗ್‌ನ ಕಕ್ಷೆ ಸುಮಾರು 41.5 ಡಿಗ್ರಿ ಓರೆ, ಇನ್ನೊಂದರದ್ದು 51.6. ಹತ್ತು ಡಿಗ್ರಿ ಕಡಿಮೆ ಅನ್ನಿಸಬಹುದು. ಸೆಕೆಂಡಿಗೆ ಸುಮಾರು 7.7 ಕಿ.ಮೀ. ಓಡುವ ನೌಕೆಯ ದಾರಿಯನ್ನು ಅಷ್ಟು ಬಾಗಿಸಲು ಸೆಕೆಂಡಿಗೆ 1.3 ಕಿ.ಮೀ.ಗೂ ಜಾಸ್ತಿ ವೇಗ ಬದಲಿಸಬೇಕು. ಜನರನ್ನು ಇಳಿಸುವ ನೌಕೆಗಳಲ್ಲಿ ಅಷ್ಟು ಇಂಧನ ಇರುವುದಿಲ್ಲ.

ಈ ಓರೆಗಳು ತಾನಾಗಿ ಬಂದವಲ್ಲ. ಒಂದು ಉಡಾವಣಾ ನೆಲೆಯಿಂದ ಅದರ ಅಕ್ಷಾಂಶಕ್ಕಿಂತ ಕಡಿಮೆ ಓರೆಯ ಕಕ್ಷೆಗೆ ನೇರವಾಗಿ ಹಾರಿಸಲು ಬರುವುದಿಲ್ಲ. ಫ್ರೀಡಂ ಅನ್ನು ಫ್ಲೋರಿಡಾದ ಲೆಕ್ಕಕ್ಕೆ 28.5 ಡಿಗ್ರಿಯಲ್ಲಿ ಇಡಬೇಕೆಂದಿದ್ದರು. ಅಲ್ಲಿಗೆ ಬೈಕನೂರಿನ ರಾಕೆಟ್‌ಗಳು ಬರಲಾರವು. ರಷ್ಯಾ ಸೇರಿದ ಮೇಲೆ 51.6ಕ್ಕೆ ಒಪ್ಪಿದರು. ಅದರಿಂದ ಶಟಲ್ ಒಯ್ಯಬಹುದಾದ ಭಾರ ಟನ್‌ಗಟ್ಟಲೆ ಇಳಿಯಿತು. ಅದನ್ನು ತುಂಬಿಕೊಳ್ಳಲು ಶಟಲ್‌ನ ದೊಡ್ಡ ಟ್ಯಾಂಕನ್ನೇ ಅಲ್ಯೂಮಿನಿಯಂ–ಲಿಥಿಯಂ ಮಿಶ್ರಲೋಹದಲ್ಲಿ ಹೊಸದಾಗಿ ಮಾಡಿ ಮೂರು ಟನ್‌ಗೂ ಹೆಚ್ಚು ತೂಕ ಕಳೆದರು. ಸಹಕಾರಕ್ಕೆ ಕೊಟ್ಟ ಬೆಲೆಯನ್ನು ಹೀಗೆ ಟನ್ ಲೆಕ್ಕದಲ್ಲಿ ಹೇಳಬಹುದು.

2025ರಲ್ಲಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಹೋಗಿ ಬಂದರು. ಅದೇ ವರ್ಷ ಜನವರಿ 16ರಂದು ಸ್ಪೇಡೆಕ್ಸ್ ಅನ್ನುವ ಪ್ರಯೋಗದ ಎರಡು ಪುಟ್ಟ ಉಪಗ್ರಹಗಳನ್ನು ಇಸ್ರೋ ಕಕ್ಷೆಯಲ್ಲಿ ಜೋಡಿಸಿತು. ಅಲ್ಲೂ ಎರಡು ಕಡೆ ಒಂದೇ ರೂಪದ ಜೋಡಣೆ. ಐದು ಮಾಡ್ಯೂಲ್‌ಗಳ ಭಾರತೀಯ ಅಂತರಿಕ್ಷ ನಿಲ್ದಾಣವನ್ನು 2035ರ ಹೊತ್ತಿಗೆ ಮುಗಿಸುವ ಗುರಿ ಇದೆ. ಅದರ ಸುದ್ದಿ ಬಂದಾಗಲೆಲ್ಲ ನಾನು ಮೊದಲು ಹುಡುಕುವುದು ಎರಡು ವಿಷಯ: ಕಕ್ಷೆ ಎಷ್ಟು ಓರೆ, ಬಾಗಿಲ ಅಳತೆ ಯಾವುದು. ಶ್ರೀಹರಿಕೋಟಾ ಸಮಭಾಜಕಕ್ಕೆ ಹತ್ತಿರ, 14 ಡಿಗ್ರಿಗೂ ಕೆಳಗಿದೆ. ಓರೆ ಕಡಿಮೆ ಇಟ್ಟರೆ ನಮ್ಮ ರಾಕೆಟ್ ಜಾಸ್ತಿ ಭಾರ ಹೊರುತ್ತದೆ, ಆದರೆ ಬೈಕನೂರಿನಿಂದ ಯಾರೂ ಬರಲಾರರು. 51 ಡಿಗ್ರಿಯ ಆಸುಪಾಸಿಗೆ ಹೋದರೆ ಭಾರ ಬಿಟ್ಟುಕೊಡಬೇಕು, ಆಗ ಮುಖ್ಯ ಉಡಾವಣಾ ನೆಲೆಗಳೆಲ್ಲದರಿಂದಲೂ ನೌಕೆ ಬರಬಹುದು. ನನ್ನ ಮಟ್ಟಿಗೆ ಆ ಭಾರ ಬಿಟ್ಟುಕೊಡುವುದೇ ಸರಿ. ಬಾಗಿಲ ಬಳೆಗೂ 2010ರಿಂದ ಎಲ್ಲರಿಗೂ ತೆರೆದಿಟ್ಟ ಅಂತರರಾಷ್ಟ್ರೀಯ ಅಳತೆಯೊಂದಿದೆ. ಅದನ್ನೇ ಹಿಡಿಯಬೇಕು. ನಮ್ಮವರ ನೌಕೆಯಲ್ಲಿ ಎಂದಾದರೂ ದ್ರವ ಸೋರಿದರೆ, ಕರೆದುಕೊಂಡು ಬರಲು ಹೊರಡುವ ನೌಕೆ ಯಾವ ದೇಶದ್ದಾದರೂ ನಮ್ಮ ಬಾಗಿಲಿಗೆ ಕೂರಬೇಕು.