ಚೆಂದ ಕಾಣುವ ಕಡೆಯಿಂದಲೇ ಮಳೆ ಬರುತ್ತದೆ

ಮಲೆನಾಡಿನಲ್ಲಿ ಮನೆ ಕಟ್ಟಬೇಕು ಎಂದು ನನ್ನ ಹತ್ತಿರ ಪ್ಲಾನ್‌ಗೆ ಬರುವವರಲ್ಲಿ ಹೆಚ್ಚಿನವರು ಜಾಗ ಕೊಂಡಿರುವುದು ನವೆಂಬರ್‌ನಿಂದ ಜನವರಿ ಒಳಗೆ. ಆ ಮೂರು ತಿಂಗಳು ಸಕಲೇಶಪುರದಾಚೆ ಯಾವ ದಿಬ್ಬದ ಮೇಲೆ ನಿಂತರೂ ಮನಸ್ಸು ಕರಗುತ್ತದೆ. ಕೆಳಗೆ ಕಣಿವೆ, ಅದರಾಚೆ ಒಂದರ ಹಿಂದೆ ಒಂದು ನೀಲಿ ಗುಡ್ಡ, ಸಂಜೆಯಾದರೆ ಅವುಗಳ ಹಿಂದೆ ಇಳಿಯುವ ಸೂರ್ಯ. ಅಲ್ಲಿಂದ ವಾಪಸ್ ಹೊರಡುವ ಹೊತ್ತಿಗೆ ಅಡ್ವಾನ್ಸ್ ಕೊಟ್ಟಾಗಿರುತ್ತದೆ. ಜುಲೈನಲ್ಲಿ ಕೊಡೆ ಹಿಡಿದು ಜಾಗ ನೋಡಲು ಬಂದವರು ಇಷ್ಟು ವರ್ಷದಲ್ಲಿ ನನಗೆ ಬೆರಳೆಣಿಕೆಯಷ್ಟು ಸಿಕ್ಕಿದ್ದಾರೆ.

ಪಶ್ಚಿಮ ಘಟ್ಟ ಸಮುದ್ರದ ಕಡೆಗೆ ಕಡಿದಾಗಿ ಇಳಿಯುತ್ತದೆ, ಬಯಲುಸೀಮೆ ಕಡೆಗೆ ನಿಧಾನಕ್ಕೆ ಇಳಿಯುತ್ತದೆ. ಹಾಗಾಗಿ ಘಟ್ಟದ ಅಂಚಿನಲ್ಲಿ ದೊಡ್ಡ ನೋಟ ತೆರೆದುಕೊಳ್ಳುವುದು ಪಶ್ಚಿಮಕ್ಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಮುದ್ರದ ಗಾಳಿ ಮೋಡ ಹೊತ್ತು ಬರುವುದೂ ಅದೇ ಪಶ್ಚಿಮದಿಂದ. ಆ ಮೋಡಕ್ಕೆ ಅಡ್ಡ ಸಿಗುವ ಮೊದಲ ಗೋಡೆ ಈ ಗುಡ್ಡಗಳು. ಗಾಳಿ ಮೇಲೇರುತ್ತದೆ, ತಣ್ಣಗಾಗುತ್ತದೆ, ನೀರನ್ನು ಅಲ್ಲೇ ಸುರಿಯುತ್ತದೆ. ಅಂದರೆ ನೀವು ಕಾಸು ಕೊಟ್ಟು ಕೊಂಡ ಆ ನೋಟ ಇದೆಯಲ್ಲ, ಮಳೆ ನಿಮ್ಮ ಮನೆಗೆ ನುಗ್ಗುವ ಬಾಗಿಲೂ ಅದೇ.

'ತಂಪು ಹವೆ ಬೇಕು, ಅದಕ್ಕೇ ಇಲ್ಲಿಗೆ ಬಂದ್ವಿ' ಅನ್ನುವವರಿಗೆ ನಾನೊಂದು ಲೆಕ್ಕ ಹೇಳುತ್ತೇನೆ. ಸಾವಿರ ಮೀಟರ್ ಮೇಲೇರಿದರೆ ಸುಮಾರು 6.5 ಡಿಗ್ರಿ ಸೆಖೆ ಕಡಿಮೆಯಾಗುತ್ತದೆ. ಮಂಗಳೂರಿನವರಿಗೆ ಸಕಲೇಶಪುರ ತಂಪು, ಸರಿ. ಆದರೆ ಬೆಂಗಳೂರಿನವರಿಗೆ? ಎರಡೂ ಊರು ಸಮುದ್ರಮಟ್ಟದಿಂದ ಹೆಚ್ಚು ಕಡಿಮೆ 900 ಮೀಟರ್ ಎತ್ತರದಲ್ಲೇ ಇವೆ. ಮರದ ನೆರಳು, ಕಾಂಕ್ರೀಟ್ ಇಲ್ಲದಿರುವುದು, ಇವುಗಳಿಂದ ಸ್ವಲ್ಪ ವ್ಯತ್ಯಾಸ ಆಗುತ್ತದೆ ನಿಜ. ಆದರೆ ದೊಡ್ಡ ವ್ಯತ್ಯಾಸ ಮಳೆಯದ್ದು. ಇಲ್ಲಿನ ತೋಟದವರು ಇವತ್ತಿಗೂ ಮಳೆಯನ್ನು ಇಂಚಿನಲ್ಲೇ ಹೇಳುತ್ತಾರೆ. ಬೆಂಗಳೂರಿಗೆ ವರ್ಷಕ್ಕೆ 40 ಇಂಚಿನ ಆಸುಪಾಸು. ಸಕಲೇಶಪುರ ಪೇಟೆಗೆ ಅದರ ಎರಡರಷ್ಟಾದರೂ ಇದೆ, ಘಟ್ಟದ ಅಂಚಿಗೆ ಹೋದಷ್ಟೂ ಏರುತ್ತದೆ. ಆಗುಂಬೆಯಲ್ಲಿ ಅದು 275 ಇಂಚು ದಾಟುತ್ತದೆ. ಅದೇ ಸಕಲೇಶಪುರದಿಂದ 40 ಕಿಲೋಮೀಟರ್ ಪೂರ್ವಕ್ಕೆ ಬನ್ನಿ, ಹಾಸನದಲ್ಲಿ ಬೆಂಗಳೂರಿನಷ್ಟೇ ಮಳೆ. ಒಂದು ಗಂಟೆಯ ದಾರಿ ಅಷ್ಟೇ.

ಅದಕ್ಕೇ ಜಾಗ ನೋಡಲು ಹೋದಾಗ ನಾನು ಮೊದಲು ಕೇಳುವುದು ಪಕ್ಕದ ತೋಟದ ಮಳೆ ಪುಸ್ತಕ. ಕಾಫಿ ತೋಟದವರಲ್ಲಿ ದಿನಾ ಬೆಳಗ್ಗೆ ಅಳತೆ ನೋಡಿ ಬರೆದಿಡುವವರು ಬಹಳ ಜನ ಇದ್ದಾರೆ. ಅಪ್ಪನ ಕಾಲದ ಲೆಕ್ಕವನ್ನೂ ಜೋಪಾನ ಮಾಡಿದವರಿದ್ದಾರೆ. ಆ ಪುಸ್ತಕದ ಜುಲೈ ಪುಟ ಓದಿದರೆ ಅರ್ಧ ಪ್ಲಾನ್ ತಾನಾಗಿ ಆಗುತ್ತದೆ.

ಕೆಲವು ವರ್ಷದ ಹಿಂದೆ ಬೆಂಗಳೂರಿನಿಂದ ಒಂದು ಗಂಡ ಹೆಂಡತಿ ಬಂದರು. ಎರಡು ಎಕರೆ, ತುದಿಯಲ್ಲಿ ಒಂದು ದಿಬ್ಬ. "ಸಾರ್, ಎದ್ದ ತಕ್ಷಣ ಕಣಿವೆ ಕಾಣಬೇಕು. ಆ ಗೋಡೆ ಪೂರ್ತಿ ಗಾಜು ಮಾಡಿ" ಅಂದರು ಅವರು. ಜಾಗದ ಬೇಲಿ ಆಚೆ ನಿಂತಿದ್ದ ಪಕ್ಕದ ತೋಟದ ಯಜಮಾನರು ಸುಮ್ನೆ ಇರಲಿಲ್ಲ. "ಅಲ್ಲಾ ಸಾರ್, ಆ ದಿಬ್ಬದ ಮೇಲೆ ನಾವು ದನಾನೂ ಕಟ್ತಿರ್ಲಿಲ್ಲ."

ನಾನು ಗೆರೆ ಎಳೆಯಲಿಲ್ಲ. ಆರಿದ್ರಾ ಮಳೆ ಹಿಡಿದ ಮೇಲೆ ಬಂದು ಇಂಥದ್ದೇ ದಿಬ್ಬದ ಮೇಲೆ ಮೂರು ರಾತ್ರಿ ಇರಿ, ಆಮೇಲೆ ಮಾತಾಡೋಣ ಅಂದೆ. ಜುಲೈ ಮೊದಲ ವಾರ ಬಂದರು. ಹತ್ತಿರದ ಒಂದು ಹೋಮ್‌ಸ್ಟೇ, ಪಶ್ಚಿಮಕ್ಕೆ ಅವರ ಕನಸಿನಂಥದ್ದೇ ಗಾಜಿನ ಗೋಡೆ. ಎರಡನೇ ದಿನ ನಾನೂ ಹೋದೆ. ಕಣಿವೆ ಇರಬೇಕಾದ ಕಡೆ ಬರೀ ಬಿಳಿ, ಹಾಲಿನ ಪಾತ್ರೆಯೊಳಗೆ ಕೂತ ಹಾಗೆ. ಆಕೆ ನನ್ನನ್ನು ಕರೆದು ಕಿಟಕಿಯ ಬುಡ ತೋರಿಸಿದರು. ಸ್ಲೈಡಿಂಗ್ ಕಿಟಕಿಯ ಟ್ರ್ಯಾಕ್ ತುಂಬ ನೀರು. ಆ ನೀರು ಹೊರಗೆ ಹರಿಯಲು ತೂತು ಇರುತ್ತದೆ, ಆದರೆ ಗಾಳಿ ಎದುರಿನಿಂದ ಒತ್ತುತ್ತಿದ್ದರೆ ಅದು ಹೊರಗೆ ಹೋಗಲ್ಲ. ಒಂದೊಂದು ಬೀಸಿಗೂ ಗುಳುಗುಳು ಎಂದು ಗುಳ್ಳೆ ಎದ್ದು, ಉಕ್ಕಿ, ಒಳಗಿನ ಮರದ ನೆಲಕ್ಕೆ ಇಳಿಯುತ್ತಿತ್ತು. ಅಲ್ಲಿ ಮೂರು ಟವೆಲ್ ಒತ್ತಿಟ್ಟಿದ್ದರು. ಅವು ಹಿಂಡಿ ಹಾಕಿದವೇ, ಒಣಗಿದವಲ್ಲ. ಗಂಡನ ಚರ್ಮದ ಬೆಲ್ಟ್‌ಗೆ ಎರಡೇ ದಿನದಲ್ಲಿ ತೆಳ್ಳಗೆ ಬೂಸ್ಟು. ಕರೆಂಟು ಹಿಂದಿನ ರಾತ್ರಿ ಹೋದದ್ದು ಬಂದಿರಲಿಲ್ಲ, ಎಲ್ಲೋ ಲೈನ್ ಮೇಲೆ ಮರ ಬಿದ್ದಿತ್ತು.

ಗಾಜಿನ ಗೋಡೆಯ ಕಷ್ಟ ಮಳೆಗಾಲಕ್ಕೇ ಮುಗಿಯಲ್ಲ. ಮಾರ್ಚ್-ಏಪ್ರಿಲ್‌ನಲ್ಲಿ ಮಧ್ಯಾಹ್ನದ ಮೇಲೆ ಸೂರ್ಯ ನೇರ ಅದರೊಳಗೆ ಇಳಿಯುತ್ತಾನೆ. ಆ ಇಳಿಬಿಸಿಲನ್ನು ಎಷ್ಟು ಉದ್ದದ ಸೂರು ಹಾಕಿದರೂ ತಡೆಯಲು ಆಗುವುದಿಲ್ಲ. ಕೊನೆಗೆ ಪರದೆ ಎಳೆಯುತ್ತಾರೆ. ಪರದೆ ಹಿಂದೆ ಕಣಿವೆ.

ಹಳೆಯ ಮಲೆನಾಡಿನ ಮನೆಗಳನ್ನು ನೋಡಿ. ಗದ್ದೆಗಿಂತ ಸ್ವಲ್ಪ ಮೇಲೆ, ಗುಡ್ಡಕ್ಕೆ ಬೆನ್ನು ಕೊಟ್ಟು, ಗಾಳಿಗೆ ಮರೆಯಾಗಿ ಕೂತಿರುತ್ತವೆ. ದಿಬ್ಬದ ನೆತ್ತಿಯಲ್ಲಿ ಗಾಳಿಯ ವೇಗ ಜಾಸ್ತಿ, ತಗ್ಗಿನ ತಳದಲ್ಲಿ ಡಿಸೆಂಬರ್ ರಾತ್ರಿ ಚಳಿಯ ಗಾಳಿ ಬಂದು ನಿಲ್ಲುತ್ತದೆ, ಹಾಗಾಗಿ ನಡುವಿನ ಜಾಗ. ಹೆಂಚಿನ ಮಾಡು ಜಗಲಿ ದಾಟಿ ಮುಂದೆ ಚಾಚಿರುತ್ತದೆ. ಮಳೆಗಾಲ ಬಂತೆಂದರೆ ಎರಚಲು ಹೊಡೆಯುವ ಕಡೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಆ ನಾಲ್ಕು ತಿಂಗಳು ಮನೆಯೊಳಗೆ ಹಗಲಲ್ಲೂ ಮಬ್ಬು. ನೋಟ? ಅಂಗಳದ ತುಳಸಿ ಕಟ್ಟೆ, ಅದರಾಚೆ ಕೊಟ್ಟಿಗೆ. ಬಟ್ಟೆ ಒಣಗುತ್ತಿದ್ದುದು ಬಚ್ಚಲೊಲೆಯ ಮೇಲೆ. ಅವರಿಗೆ ಕಣಿವೆ ಚೆಂದ ಅನ್ನುವುದು ಗೊತ್ತಿರಲಿಲ್ಲ ಎಂದಲ್ಲ, ದಿನಾ ಅದೇ ಗುಡ್ಡದಲ್ಲಿ ಸೊಪ್ಪು ಸೌದೆಗೆ ಓಡಾಡುತ್ತಿದ್ದವರು.

ಮರೆ ಬೇಕು ಎಂದು ಜೆಸಿಬಿ ತಂದು ಗುಡ್ಡವನ್ನು ನೆಟ್ಟಗೆ ಕೊಯ್ದು ಸೈಟ್ ಮಾಡುವುದು ಇನ್ನೊಂದು ತಪ್ಪು. ಹಾಗೆ ಕೊಯ್ದ ಧರೆ, ಅಂದರೆ ಆ ನೆಟ್ಟನೆಯ ಮಣ್ಣಿನ ಗೋಡೆ, ಮೊದಲ ಎರಡು ಮಳೆಗಾಲ ನಿಲ್ಲಬಹುದು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜಾರಿದ್ದನ್ನು ನೋಡಿದ ಮೇಲೆ ನಾನಂತೂ ಧರೆಯ ಬುಡದಲ್ಲಿ ಮಲಗುವ ಕೋಣೆ ಹಾಕಿಲ್ಲ, ಎಷ್ಟೇ ಕೇಳಿದರೂ.

ರಜೆಗೆ ಬರುವವರ ಲೆಕ್ಕ ಬೇರೆ, ಅವರಿಗೆ ಈ ಬೂಸ್ಟಿನ ಚಿಂತೆ ಬೇಡ. ಆದರೆ ಒಂದು ಮಾತು. ಜೋಗ ತುಂಬಿ ಧುಮುಕುವುದು ಮಳೆಗಾಲದಲ್ಲೇ. ಆ ಹೊತ್ತಿಗೆ ಮಂಜು ಮುಚ್ಚಿ, 830 ಅಡಿಯ ಜಲಪಾತದ ಸದ್ದು ಮಾತ್ರ ಕೇಳಿಸಿಕೊಂಡು ವಾಪಸ್ ಹೋದವರೂ ಇದ್ದಾರೆ. ಒಂದು ದಿನದ ಟ್ರಿಪ್ ಬೇಡ, ಎರಡು ರಾತ್ರಿ ಇರಿ. ಯಾವಾಗಲೋ ಒಂದು ಹೊಳವಾಗುತ್ತದೆ, ಹತ್ತು ನಿಮಿಷ. ಅಷ್ಟು ಸಾಕು.

ನಾನೇ ಎಲ್ಲಿದ್ದೇನೆ ಎಂದು ಕೇಳುತ್ತೀರಲ್ವಾ? ಹಾಸನ ಪೇಟೆಯಲ್ಲಿ. ನನ್ನ ಕಿಟಕಿಯಿಂದ ಕಾಣುವುದು ಎದುರುಮನೆಯವರ ಕಪ್ಪು ನೀರಿನ ಟ್ಯಾಂಕು.

ಆ ಗಂಡ ಹೆಂಡತಿ ಕೊನೆಗೆ ದಿಬ್ಬ ಬಿಟ್ಟರು. ಮನೆ ಅದರ ಪೂರ್ವದ ಇಳಿಜಾರಿನಲ್ಲಿ ಬಂತು. ಪಶ್ಚಿಮದ ಗೋಡೆಗೆ ಬಚ್ಚಲು, ಸ್ಟೋರ್, ಮೆಟ್ಟಿಲು. ಕಿಟಕಿಗಳು ಚಿಕ್ಕವು, ಮೇಲೆ ನಾಲ್ಕಡಿ ಸೂರು. ಜಗಲಿ ಪೂರ್ವಕ್ಕೆ. ದಿಬ್ಬದ ನೆತ್ತಿಯಲ್ಲಿ ಒಂದು ಕಲ್ಲಿನ ಕಟ್ಟೆ ಮಾತ್ರ ಹಾಕಿಸಿದೆವು, ಮನೆಯಿಂದ ಅರವತ್ತು ಹೆಜ್ಜೆ. ಮೊದಲ ಮಳೆಗಾಲದಲ್ಲಿ ಆಕೆಯ ಫೋನ್ ಬಂತು. ಏನೋ ಸೋರುತ್ತಿದೆ ಎಂದೇ ಹೆದರುತ್ತಾ ಎತ್ತಿದೆ.

"ಸಾರ್, ಕಟ್ಟೆಗೆ ಹೋಗಿ ಹದಿನೆಂಟು ದಿನ ಆಯ್ತು. ಅಲ್ಲಿಗೆ ಹೋಗೋ ದಾರೀಲಿ ಇಂಬಳ, ಅದೇ ಜಿಗಣೆ, ತುಂಬ್ಕೊಂಡಿದೆ. ಏನು ಹಾಕ್ಬೇಕು, ಸುಣ್ಣಾನಾ ಉಪ್ಪಾ?"