ಓಡುವ ಗಾಡಿಯಲ್ಲಿ ಆ ಸಣ್ಣ ಬಟನ್ ಎಳೆದರೆ

ವೈವಾದಲ್ಲಿ ಸರ್ ಕೇಳಿದರು: "ಗಾಡಿ ಎಂಬತ್ತರಲ್ಲಿ ಓಡುತ್ತಿದೆ. ಎಲೆಕ್ಟ್ರಾನಿಕ್ ಹ್ಯಾಂಡ್‌ಬ್ರೇಕ್ ಬಟನ್ ಎಳೆದೆ. ಏನಾಗುತ್ತೆ?" ನಾನು ಧೈರ್ಯವಾಗಿ, "ಹಿಂದಿನ ಚಕ್ರ ಲಾಕ್ ಆಗಿ ಗಾಡಿ ಗಿರಕಿ ಹೊಡೆಯುತ್ತೆ ಸರ್" ಅಂದೆ. ಅದು ಹಳೆ ಲಿವರ್‌ಗೆ ಹೇಳಬೇಕಾದ ಉತ್ತರ. ಅಲ್ಲಿ ಕೇಬಲ್ ಎಳೆಯುವುದು ಹಿಂದಿನ ಎರಡು ಚಕ್ರ ಮಾತ್ರ, ಎಷ್ಟು ಎಳೆಯಬೇಕು ಅನ್ನೋದು ನಿಮ್ಮ ಕೈಯ ಲೆಕ್ಕ.

ಮೊದಲು ನಿಂತ ಗಾಡಿ. ಬನ್ನಿಮಂಟಪದ ಕಡೆಯ ಒಂದು ಗ್ಯಾರೇಜಿನಲ್ಲಿ ಹಿಂದಿನ ಚಕ್ರ ಬಿಚ್ಚಿದ್ದರು. ಚಕ್ರದ ಜೊತೆ ತಿರುಗುವ ಡಿಸ್ಕನ್ನು ಎರಡು ಪ್ಯಾಡ್‌ಗಳಿಂದ ಅದುಮಿ ಹಿಡಿಯುವ ಭಾಗವೇ ಕ್ಯಾಲಿಪರ್. ಅದರ ಬೆನ್ನಿಗೆ ಮುಷ್ಟಿಯಷ್ಟು ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಸಣ್ಣ ಮೋಟರ್, ಗೇರು. ಮೋಟರ್ ತಿರುಗಿದರೆ ಒಂದು ಸ್ಕ್ರೂ ತಿರುಗುತ್ತದೆ, ಸ್ಕ್ರೂ ಮೇಲಿನ ನಟ್ಟು ಮುಂದೆ ಸರಿದು ಪಿಸ್ಟನ್ ಅನ್ನು ತಳ್ಳುತ್ತದೆ, ಪ್ಯಾಡ್ ಡಿಸ್ಕ್ ಹಿಡಿಯುತ್ತದೆ. ಬಟನ್ ಎಳೆದಾಗ ಗುಂಯ್ ಅಂತ ಸದ್ದು ಬಂತು, ಕೊನೆಗೆ ತಿಣುಕಿ ನಿಂತಿತು. ತಿಣುಕುವಾಗ ಕರೆಂಟ್ ಏರುತ್ತದೆ, ಕಂಟ್ರೋಲ್ ಯೂನಿಟ್ ಅದನ್ನು ನೋಡಿ ಸಾಕು ಅನ್ನುತ್ತದೆ. "ಬ್ಯಾಟರಿ ಬಿಚ್ಚಿದರೆ ಬಿಟ್ಟುಕೊಳ್ಳುತ್ತಾ ಅಣ್ಣಾ?" ಅಂದೆ. "ಸ್ಕ್ರೂ ತಾನಾಗಿ ವಾಪಸ್ ತಿರುಗಲ್ಲ ಕಣಪ್ಪ" ಅಂದರು.

ಈಗ ಓಡುವ ಗಾಡಿ. ಅನೇಕ ಕಾರುಗಳಲ್ಲಿ ಬಟನ್ ಎಳೆದು ಹಿಡಿದೇ ಇದ್ದರೆ ಕೆಲಸ ಹಿಂದಿನ ಮೋಟರ್‌ಗೆ ಹೋಗುವುದೇ ಇಲ್ಲ, ಇ.ಎಸ್.ಸಿ.ಗೆ, ಅಂದರೆ ಗಾಡಿ ಅಡ್ಡ ಜಾರದಂತೆ ತಾನೇ ಬ್ರೇಕ್ ಹಾಕುವ ವ್ಯವಸ್ಥೆಗೆ ಹೋಗುತ್ತದೆ. ಅದರ ಪಂಪ್ ಬ್ರೇಕ್ ಆಯಿಲ್ ಒತ್ತಡ ಏರಿಸಿ ನಾಲ್ಕೂ ಚಕ್ರಕ್ಕೆ ಬ್ರೇಕ್ ಹಾಕುತ್ತದೆ, ಚಕ್ರ ಜಾರಿದರೆ, ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ಎ.ಬಿ.ಎಸ್. ಸಡಿಲಿಸುತ್ತದೆ. ಬೀಪ್ ಸದ್ದು ಬರುತ್ತದೆ. ಬೆರಳು ಬಿಟ್ಟರೆ ಬ್ರೇಕ್ ಬಿಡುತ್ತದೆ. ಅದಕ್ಕೇ ಪಕ್ಕದಲ್ಲಿ ಕೂತ ಮಗು ಸುಮ್ನೆ ಒಮ್ಮೆ ಎಳೆದು ಬಿಟ್ಟರೆ ಗಾಡಿ ಅಲ್ಲೇ ನಿಂತುಬಿಡಲ್ಲ.

ಪಂಪ್ ಕೈಕೊಟ್ಟರೆ ಮಾತ್ರ ಹಿಂದಿನ ಮೋಟರ್‌ಗಳ ಸರದಿ. ಆಗಲೂ ಚಕ್ರದ ವೇಗ ನೋಡಿಕೊಂಡು ಬಿಗಿ-ಸಡಿಲ ಮಾಡುತ್ತವೆ. ಆದರೆ ಬಲ ಕಡಿಮೆ. ಲೆಕ್ಕ ಹಾಕಿ ನೋಡಿ. 80 ಕಿ.ಮೀ. ಅಂದರೆ ಸೆಕೆಂಡಿಗೆ 22 ಮೀಟರ್. ಪಂಪ್ ಬ್ರೇಕ್ ಹಾಕಿ ಪ್ರತಿ ಸೆಕೆಂಡಿಗೆ ವೇಗ ಸೆಕೆಂಡಿಗೆ 6 ಮೀಟರಿನಷ್ಟು ಇಳಿದರೆ ಸುಮಾರು 41 ಮೀಟರಿನಲ್ಲಿ ನಿಲ್ಲುತ್ತದೆ, ಹಿಂದಿನ ಮೋಟರ್‌ಗಳಿಂದ ಒಂದೂವರೆ ಮೀಟರಿನಷ್ಟೇ ಇಳಿದರೆ 165 ಮೀಟರ್ ಬೇಕು. ಮೈಸೂರು-ಬೆಂಗಳೂರು ಹೆದ್ದಾರಿಯಲ್ಲಿ ಇವೆರಡರ ವ್ಯತ್ಯಾಸ ಜಾಸ್ತಿನೇ ಅಲ್ವಾ?

ಪರೀಕ್ಷೆಗೆ ಬೇಕಾದ ಇನ್ನೊಂದು ಸೂಕ್ಷ್ಮ ಇದೆ, ಪುಸ್ತಕದಲ್ಲಿ ಇದನ್ನು ಎರಡು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಚಾಮುಂಡಿ ಬೆಟ್ಟ ಇಳಿಯುವಾಗ ಪೆಡಲ್ ಮೇಲೆ ಕಾಲಿಟ್ಟೇ ಬಂದರೆ ಪ್ಯಾಡ್ ಕಾದು ಸುಟ್ಟ ವಾಸನೆ ಬರುತ್ತದೆ. ಆಯಿಲ್ ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ ಸೇರಿ ಪೆಡಲ್ ಮೆತ್ತಗಾಗುತ್ತದೆ. ಆಗ ಪಂಪ್ ಒತ್ತುವುದೂ ಅದೇ ಗುಳ್ಳೆ ತುಂಬಿದ ಆಯಿಲ್ ಅನ್ನು. ಮೋಟರ್‌ಗೆ ಆಯಿಲ್ ಬೇಡ, ಆದರೆ ಅದು ಒತ್ತುವುದೂ ಅದೇ ಕಾದ ಪ್ಯಾಡ್ ಅನ್ನೇ. ಹಾಗಾಗಿ ಬಟನ್ ಹಿಡಿದುಕೊಂಡೇ ಗೇರ್ ಇಳಿಸಬೇಕು, ಹಜಾರ್ಡ್ ಲೈಟ್ ಹಾಕಬೇಕು. ಎಂಜಿನ್ ಆಫ್ ಮಾಡಬಾರದು, ಮಾಡಿದರೆ ಸ್ಟೀರಿಂಗೂ ಗಟ್ಟಿಯಾಗುತ್ತದೆ.

ಎಲ್ಲ ಮಾಡೆಲ್‌ಗಳೂ ಒಂದೇ ಥರ ಇಲ್ಲ. ಕೆಲವದರಲ್ಲಿ ಮೋಟರ್ ಕೇಬಲ್ ಎಳೆಯುತ್ತದೆ. ನಿಮ್ಮ ಮನೆಯ ಕಾರಿನ ಮ್ಯಾನುಯಲ್ ಡ್ಯಾಶ್‌ಬೋರ್ಡ್ ಖಾನೆಯಲ್ಲೇ ಇರುತ್ತದೆ. ನಮ್ಮ ಮಾವನ ಕಾರಿನದು ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರಲಿಲ್ಲ.