ಕಸರತ್ತು ನಿಂತಾಗ ಕಸುವು ಎಷ್ಟು ಉಳಿಯುತ್ತದೆ?

2020ರ ಮಾರ್ಚ್‌ನಲ್ಲಿ ಮುಚ್ಚಿದ ಜಿಮ್‌ಗಳು ಮತ್ತೆ ತೆರೆಯಲು ಕೇಂದ್ರ ಸರ್ಕಾರ ಅನುಮತಿ ಕೊಟ್ಟದ್ದು ಅದೇ ವರ್ಷದ ಆಗಸ್ಟ್ 5ರಿಂದ. ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಬಾರ್ಬೆಲ್ ಮುಟ್ಟದೇ ಇದ್ದ ಎಷ್ಟೋ ಮಂದಿ ಆಮೇಲೂ ಅತ್ತ ತಲೆ ಹಾಕಲಿಲ್ಲ. ‘ಇಷ್ಟು ದಿನ ಮಾಡಿದ್ದೆಲ್ಲ ನೀರಿನಲ್ಲಿ ಹೋಮವಾಯಿತು, ಇನ್ನು ಮೊದಲಿನಿಂದ ಯಾರು ಶುರು ಮಾಡುತ್ತಾರೆ’ ಎಂಬ ಮಾತು ಆಗ ಬಹಳ ಕೇಳಿಬರುತ್ತಿತ್ತು. ಮದುವೆ, ಪರೀಕ್ಷೆ, ಹೆರಿಗೆ, ವರ್ಗಾವಣೆ, ಕಾಯಿಲೆ ಹೀಗೆ ಯಾವುದೋ ಕಾರಣಕ್ಕೆ ಭಾರ ಎತ್ತುವುದನ್ನು ನಿಲ್ಲಿಸಿದವರೆಲ್ಲರೂ ಇಂದಿಗೂ ಹೇಳುವುದು ಅದನ್ನೇ. ಆದರೆ ಕಳೆದ ಮೂರು ದಶಕಗಳ ಪ್ರಯೋಗಗಳನ್ನು ನೋಡಿದರೆ ಈ ನಿರಾಶೆಗೆ ಆಧಾರವಿಲ್ಲ. ಗಳಿಸಿದ ಬಲ ನಾವು ಅಂದುಕೊಂಡಷ್ಟು ಬೇಗ ಹೋಗುವುದಿಲ್ಲ, ಹೋದದ್ದೂ ಮೊದಲ ಸಲ ಬಂದದ್ದಕ್ಕಿಂತ ಬೇಗ ಮರಳಿ ಬರುತ್ತದೆ.

ಇದು ಏಕೆಂದು ತಿಳಿಯಬೇಕಾದರೆ ಬಲವೆಂಬುದು ಇರುವುದೆಲ್ಲಿ ಎಂದು ಮೊದಲು ಕೇಳಬೇಕು. ಬೆಂಚಿನ ಮೇಲೆ ಮಲಗಿ ಎದೆಯ ಮೇಲಿಂದ ಬಾರ್ ಎತ್ತುವ ‘ಬೆಂಚ್ ಪ್ರೆಸ್’ ಮಾಡುವಾಗ ಕೆಲಸ ಆರಂಭವಾಗುವುದು ಎದೆಯಲ್ಲಲ್ಲ, ಮಿದುಳಿನಲ್ಲಿ. ಅಲ್ಲಿಂದ ಹೊರಟ ಆದೇಶ ಬೆನ್ನುಹುರಿಯ ನರಕೋಶಗಳನ್ನು ತಲುಪುತ್ತದೆ. ಅಂಥ ಒಂದೊಂದು ನರಕೋಶದ ಹಿಡಿತದಲ್ಲಿಯೂ ಹಲವು ಸ್ನಾಯುತಂತುಗಳಿರುತ್ತವೆ. ಎಷ್ಟು ನರಕೋಶಗಳು ಒಟ್ಟಿಗೆ ಎಚ್ಚೆತ್ತವು, ಎಷ್ಟು ವೇಗವಾಗಿ ಸಂಕೇತ ಕಳಿಸಿದವು, ಎದುರು ದಿಕ್ಕಿಗೆ ಎಳೆಯುವ ಸ್ನಾಯುಗಳು ಎಷ್ಟರಮಟ್ಟಿಗೆ ಸುಮ್ಮನಿದ್ದವು ಎಂಬುದರ ಮೇಲೆ ಬಾರ್ ಮೇಲೇಳುತ್ತದೆಯೋ ಇಲ್ಲವೋ ಎಂಬುದು ನಿರ್ಧಾರವಾಗುತ್ತದೆ. ಹೊಸಬರು ಮೊದಲ ಕೆಲವು ವಾರಗಳಲ್ಲಿ ತೋಳಿನ ಸುತ್ತಳತೆ ಅಷ್ಟೇನೂ ಹೆಚ್ಚದಿದ್ದರೂ ಗಣನೀಯವಾಗಿ ಹೆಚ್ಚು ಭಾರ ಎತ್ತತೊಡಗುವುದಕ್ಕೆ ಮುಖ್ಯ ಕಾರಣ ನರಮಂಡಲದ ಈ ಕಲಿಕೆಯೇ. ಸ್ನಾಯು ದಪ್ಪವಾಗುವುದು ಅದರ ಹಿಂದೆ ನಿಧಾನವಾಗಿ ನಡೆಯುವ ಇನ್ನೊಂದು ಕೆಲಸ. ಒಮ್ಮೆ ಈಜು ಕಲಿತವರು ವರ್ಷಗಳ ನಂತರ ಕೆರೆಗಿಳಿದರೂ ಮುಳುಗುವುದಿಲ್ಲವಲ್ಲ, ನರಗಳ ಈ ಕಲಿಕೆಯೂ ಹಾಗೆಯೇ ಬಹುಕಾಲ ಉಳಿಯುವಂಥದ್ದು. ಬಿಡುವಿನಲ್ಲಿ ಸ್ನಾಯುವಿನ ಗಾತ್ರ ಇಳಿದಷ್ಟು ಬೇಗ ಬಲ ಇಳಿಯದಿರುವುದಕ್ಕೆ ಇದು ದೊಡ್ಡ ಕಾರಣ.

ಮೊದಲ ಎರಡು ವಾರಗಳಲ್ಲಿ ಕನ್ನಡಿ ನಮ್ಮನ್ನು ದಾರಿ ತಪ್ಪಿಸುತ್ತದೆ. ಸ್ನಾಯು ತನ್ನೊಳಗೆ ಗ್ಲೈಕೋಜನ್ ರೂಪದಲ್ಲಿ ಸಕ್ಕರೆಯನ್ನು ಕೂಡಿಟ್ಟುಕೊಳ್ಳುತ್ತದೆ, ಅದರ ಒಂದೊಂದು ಗ್ರಾಮಿನ ಜೊತೆ ಸುಮಾರು 3 ಗ್ರಾಂ ನೀರೂ ಸೇರಿಕೊಂಡಿರುತ್ತದೆ. ಕಸರತ್ತು ನಿಂತಾಗ ಈ ದಾಸ್ತಾನು ತಗ್ಗುವುದರಿಂದ ತೋಳು, ತೊಡೆ ಸೊರಗಿದಂತೆ ಕಾಣುತ್ತವೆ. ಅದರಲ್ಲಿ ಹೋದದ್ದು ಹೆಚ್ಚಾಗಿ ನೀರೇ ಹೊರತು ಸ್ನಾಯುವಿನ ಮೂಲ ಪ್ರೋಟೀನ್ ಅಲ್ಲ. 1993ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನುರಿತ 12 ಮಂದಿ ಭಾರ ಎತ್ತುವವರನ್ನು 14 ದಿನ ಅಭ್ಯಾಸದಿಂದ ದೂರವಿಟ್ಟು ಪರೀಕ್ಷಿಸಿದಾಗ, ಬೆಂಚ್ ಪ್ರೆಸ್‌ನಲ್ಲಾಗಲಿ ಹೆಗಲ ಮೇಲೆ ಭಾರ ಹೊತ್ತು ಕುಳಿತೇಳುವ ಸ್ಕ್ವಾಟ್‌ನಲ್ಲಾಗಲಿ ಅವರ ಗರಿಷ್ಠ ಬಲದಲ್ಲಿ ಗಮನಿಸುವಂಥ ಇಳಿಕೆ ಕಂಡುಬರಲಿಲ್ಲ. ವೇಗವಾಗಿ ಸಂಕುಚಿಸುವ ಸ್ನಾಯುತಂತುಗಳ ಗಾತ್ರ ಮಾತ್ರ ಸುಮಾರು ಶೇ. 6ರಷ್ಟು ತಗ್ಗಿತ್ತು.

ಎರಡು ವಾರ ಸರಿ, ತಿಂಗಳುಗಟ್ಟಲೆ ಬಿಟ್ಟರೆ? ಟೋಕಿಯೋ ವಿಶ್ವವಿದ್ಯಾಲಯದ ಸಂಶೋಧಕರು ಯುವಕರ ಎರಡು ಗುಂಪುಗಳಿಗೆ ಬೆಂಚ್ ಪ್ರೆಸ್ ಮಾಡಿಸಿ ಇದನ್ನು ನೋಡಿದರು. ಒಂದು ಗುಂಪು 24 ವಾರ ಎಡೆಬಿಡದೆ ಅಭ್ಯಾಸ ಮಾಡಿತು. ಇನ್ನೊಂದು 6 ವಾರ ಅಭ್ಯಾಸ, 3 ವಾರ ಸಂಪೂರ್ಣ ಬಿಡುವು ಎಂಬ ಕ್ರಮದಲ್ಲಿ ನಡೆದು, ಒಟ್ಟಾರೆ ನಾಲ್ಕರಲ್ಲಿ ಒಂದು ಪಾಲು ಕಡಿಮೆ ಶ್ರಮಪಟ್ಟಿತು. 2013ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಕೊನೆಯಲ್ಲಿ ಎರಡೂ ಗುಂಪುಗಳ ಬಲವೂ ಸ್ನಾಯುವಿನ ಬೆಳವಣಿಗೆಯೂ ಹೆಚ್ಚುಕಡಿಮೆ ಒಂದೇ ಆಗಿದ್ದವು. ಸತತವಾಗಿ ಮಾಡಿದವರ ಪ್ರಗತಿ ದಿನ ಕಳೆದಂತೆ ಮಂದವಾಗಿತ್ತು. ಬಿಡುವು ಪಡೆದವರು ಮರಳಿದಾಗಲೆಲ್ಲ ಹೊಸ ಹುರುಪಿನಿಂದ ಏರಿ ಅವರನ್ನು ಹಿಡಿದಿದ್ದರು.

ಫಿನ್‌ಲೆಂಡಿನ ಯುವಾಸ್ಕುಲಾ ವಿಶ್ವವಿದ್ಯಾಲಯದ ತಂಡ ಇದನ್ನು ಇನ್ನಷ್ಟು ಕಠಿಣವಾಗಿ ಒರೆಗೆ ಹಚ್ಚಿತು. 10 ವಾರ ತರಬೇತಿ, 10 ವಾರ ಪೂರ್ತಿ ವಿರಾಮ, ಮತ್ತೆ 10 ವಾರ ತರಬೇತಿ ಪಡೆದವರನ್ನು 20 ವಾರ ಸತತವಾಗಿ ಮಾಡಿದವರೊಡನೆ ಅದು ಹೋಲಿಸಿತು. 2024ರಲ್ಲಿ ಪ್ರಕಟವಾದ ಈ ಕೆಲಸದಲ್ಲಿಯೂ ಅಂತಿಮವಾಗಿ ಇಬ್ಬರ ಬಲವೂ ಗಾತ್ರವೂ ಸಮನಾಗಿದ್ದವು. ವಿರಾಮದ ಹತ್ತು ವಾರಗಳಲ್ಲಿ ಸ್ನಾಯುವಿನ ಗಾತ್ರಕ್ಕಿಂತ ಗರಿಷ್ಠ ಬಲವೇ ಚೆನ್ನಾಗಿ ಉಳಿದಿತ್ತು. ಕಳೆದುಕೊಂಡದ್ದನ್ನು ಅವರು ಮರಳಿ ಗಳಿಸಲು ಐದು ವಾರ ಸಾಕಾಯಿತು. ಹತ್ತು ವಾರವೆಂದರೆ ಎರಡು ತಿಂಗಳಿಗೂ ಹೆಚ್ಚು, ಜಿಮ್ ಶುಲ್ಕ ನವೀಕರಿಸುವುದೋ ಬೇಡವೋ ಎಂದು ಮನಸ್ಸು ಹೊಯ್ದಾಡುವಷ್ಟು ದೀರ್ಘ ಕಾಲ ಎಂಬುದನ್ನು ನೆನೆದರೆ ಈ ಫಲಿತಾಂಶದ ತೂಕ ತಿಳಿಯುತ್ತದೆ.

ಸ್ನಾಯುವಿಗೆ ಇಂಥ ನೆನಪು ಎಲ್ಲಿಂದ ಬರುತ್ತದೆ? ನರಗಳ ಕಲಿಕೆಯೊಂದೇ ಇದಕ್ಕೆ ಪೂರ್ಣ ಉತ್ತರವಾಗುವುದಿಲ್ಲ, ಏಕೆಂದರೆ ಗಾತ್ರವೂ ಬೇಗ ಮರಳುತ್ತದೆ. ದೇಹದ ಬಹುತೇಕ ಜೀವಕೋಶಗಳಲ್ಲಿ ಒಂದೇ ಕೋಶಕೇಂದ್ರವಿದ್ದರೆ, ಉದ್ದನೆಯ ಸ್ನಾಯುತಂತುವಿನಲ್ಲಿ ನೂರಾರು ಇರುತ್ತವೆ. ಪ್ರತಿಯೊಂದೂ ತನ್ನ ಸುತ್ತಲಿನ ಭಾಗಕ್ಕೆ ಬೇಕಾದ ಪ್ರೋಟೀನ್ ತಯಾರಿಕೆಯನ್ನು ನಡೆಸುತ್ತದೆ. ಓಸ್ಲೋ ವಿಶ್ವವಿದ್ಯಾಲಯದ ಕ್ರಿಸ್ಟಿಯಾನ್ ಗುಂಡರ್ಸನ್ ಅವರ ತಂಡ ಇಲಿಗಳ ಒಂದು ಸ್ನಾಯುವಿನ ಮೇಲೆ ಹೆಚ್ಚಿನ ಹೊರೆ ಬೀಳುವಂತೆ ಮಾಡಿ, ಜೀವಂತ ಇಲಿಯಲ್ಲಿಯೇ ತಂತುಗಳೊಳಗಿನ ಕೋಶಕೇಂದ್ರಗಳನ್ನು ಎಣಿಸಿತು. ತಂತು ದಪ್ಪವಾಗುವ ಮೊದಲೇ ಅವುಗಳ ಸಂಖ್ಯೆ ಏರಿತು. ನಂತರ ಆ ಸ್ನಾಯುವಿನ ನರಸಂಪರ್ಕವನ್ನೇ ತಪ್ಪಿಸಿ ಅದನ್ನು ಸೊರಗಿಸಿದಾಗಲೂ ಹೊಸದಾಗಿ ಸೇರಿದ ಕೋಶಕೇಂದ್ರಗಳು ನಾಶವಾಗಲಿಲ್ಲ. ಇದು ಪ್ರಕಟವಾದದ್ದು 2010ರಲ್ಲಿ. ಮೂರು ವರ್ಷಗಳ ಬಳಿಕ ಅದೇ ತಂಡ ಇಲಿಗಳಿಗೆ ಸ್ವಲ್ಪ ಕಾಲ ಟೆಸ್ಟೋಸ್ಟೆರಾನ್ ಎಂಬ ಸ್ನಾಯು ಬೆಳೆಸುವ ಹಾರ್ಮೋನ್ ಕೊಟ್ಟು, ನಿಲ್ಲಿಸಿ, ಮೂರು ತಿಂಗಳ ನಂತರ ಅವುಗಳ ಸ್ನಾಯುವಿಗೆ ಹೊರೆ ಹಾಕಿತು. ಆರೇ ದಿನಗಳಲ್ಲಿ ಅವುಗಳ ತಂತುಗಳು ಸುಮಾರು ಶೇ. 30ರಷ್ಟು ದಪ್ಪವಾದವು, ಔಷಧ ಪಡೆಯದ ಇಲಿಗಳಲ್ಲಿ ಅಂಥ ಬೆಳವಣಿಗೆ ಕಾಣಲಿಲ್ಲ. ಉದ್ದೀಪನ ಮದ್ದು ಸೇವಿಸಿ ಸಿಕ್ಕಿಬಿದ್ದ ಕ್ರೀಡಾಪಟುವಿಗೆ ವಿಧಿಸುವ ನಿಷೇಧದ ಅವಧಿ ಮುಗಿದ ಮೇಲೂ ಆ ಮದ್ದಿನ ಲಾಭ ಅವರ ಮೈಯಲ್ಲಿ ಉಳಿದಿರಬಹುದೇ ಎಂಬ ಗಂಭೀರ ಪ್ರಶ್ನೆಯನ್ನು ಈ ಪ್ರಯೋಗ ಎತ್ತಿತು.

ಮನುಷ್ಯರಲ್ಲಿಯೂ ಕೋಶಕೇಂದ್ರಗಳು ಇಷ್ಟೇ ನಿಷ್ಠೆಯಿಂದ ಉಳಿಯುತ್ತವೆಯೇ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಆದರೆ ನೆನಪಿನ ಗುರುತುಗಳು ಬೇರೆಡೆಯೂ ಸಿಕ್ಕಿವೆ. 2018ರಲ್ಲಿ ಬ್ರಿಟನ್ನಿನ ಸಂಶೋಧಕರು 7 ವಾರ ತರಬೇತಿ, 7 ವಾರ ಬಿಡುವು, 7 ವಾರ ಮರುತರಬೇತಿ ಪಡೆದವರ ಸ್ನಾಯುಗಳ ಡಿಎನ್‌ಎಯನ್ನು ಪರಿಶೀಲಿಸಿದಾಗ, ಕೆಲವು ಜೀನ್‌ಗಳ ಮೇಲೆ ಬೀಗದಂತೆ ಕೂರುವ ಮೀಥೈಲ್ ಗುರುತುಗಳು ಮೊದಲ ತರಬೇತಿಯಲ್ಲಿ ಸಡಿಲವಾಗಿದ್ದು ಬಿಡುವಿನಲ್ಲಿಯೂ ಹಾಗೆಯೇ ಉಳಿದಿದ್ದು ಕಂಡುಬಂತು. ಯುವಾಸ್ಕುಲಾ ತಂಡ 2025ರಲ್ಲಿ ತೋರಿಸಿದಂತೆ ಸ್ನಾಯುವಿನ ಕೆಲವು ಪ್ರೋಟೀನ್‌ಗಳ ಪ್ರಮಾಣವೂ ಎರಡು ತಿಂಗಳಿಗೂ ಹೆಚ್ಚಿನ ವಿರಾಮದ ನಂತರ ಬದಲಾದ ಸ್ಥಿತಿಯಲ್ಲೇ ಇರುತ್ತದೆ.

ಹಾಗೆಂದು ಬಿಡುವೇ ಬಲವರ್ಧಕ ಎಂದು ಭಾವಿಸುವುದೂ ತಪ್ಪು. ನ್ಯೂಯಾರ್ಕಿನಲ್ಲಿ ನಡೆದ ಪ್ರಯೋಗವೊಂದರಲ್ಲಿ 9 ವಾರಗಳ ಅಭ್ಯಾಸದ ನಡುವೆ ಒಂದು ವಾರ ಪೂರ್ತಿ ವಿರಾಮ ಕೊಟ್ಟಾಗ ಸ್ನಾಯು ಬೆಳವಣಿಗೆಗೆ ಲಾಭವೂ ಆಗಲಿಲ್ಲ, ನಷ್ಟವೂ ಆಗಲಿಲ್ಲ; ಕಾಲಿನ ಬಲದಲ್ಲಿ ಮಾತ್ರ ನಿಲ್ಲಿಸದೆ ಮಾಡಿದವರೇ ತುಸು ಮುಂದಿದ್ದರು.

ಮರಳಿ ಶುರು ಮಾಡುವವರು ಒಂದು ವಿಷಯದಲ್ಲಿ ಎಚ್ಚರ ವಹಿಸಲೇಬೇಕು. ಹಳೆಯ ಭಾರವನ್ನು ಎತ್ತುವ ವಿಧಾನ ನರಗಳಿಗೆ ನೆನಪಿರುತ್ತದೆ, ಆದರೆ ಆ ಹೊರೆಯನ್ನು ತಾಳಿಕೊಳ್ಳುವ ಅಭ್ಯಾಸ ಸ್ನಾಯುತಂತುಗಳಿಗೆ ತಪ್ಪಿಹೋಗಿರುತ್ತದೆ. ಮೊದಲ ದಿನವೇ ಹಿಂದಿನ ಸೆಟ್‌ಗಳನ್ನೆಲ್ಲ (ನಡುವೆ ನಿಲ್ಲಿಸದೆ ಭಾರ ಎತ್ತಿ ಇಳಿಸುವ ಒಂದು ಸುತ್ತೇ ಒಂದು ಸೆಟ್) ಮುಗಿಸಲು ಹೋದರೆ ಮಾರನೆಯ ದಿನ ಮೆಟ್ಟಿಲು ಇಳಿಯಲೂ ಆಗದಷ್ಟು ನೋವು ಕಾಡುತ್ತದೆ. ಅಪರೂಪಕ್ಕೆ ಸ್ನಾಯುಗಳು ಒಡೆದು ಅವುಗಳ ಅಂಶ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಹಾನಿಯಾಗುವುದುಂಟು. ಮೂತ್ರ ಕಡುಕಂದು ಬಣ್ಣಕ್ಕೆ ತಿರುಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಕಡಿಮೆ ಭಾರ, ಕಡಿಮೆ ಸೆಟ್‌ಗಳಿಂದ ಆರಂಭಿಸಿ ಎರಡು ಮೂರು ವಾರಗಳಲ್ಲಿ ಏರಿಸುತ್ತ ಹೋಗುವುದು ಒಳ್ಳೆಯದು.

ನನಗೆ ಇಲ್ಲಿ ಹೆಚ್ಚು ಕಳವಳ ಹುಟ್ಟಿಸುವುದು ಜಿಮ್ ತಪ್ಪಿಸಿದವರ ಕಥೆಯಲ್ಲ, ಹಾಸಿಗೆ ಹಿಡಿದವರ ಕಥೆ. ಜಿಮ್ ಬಿಟ್ಟವರು ನಡೆಯುತ್ತಾರೆ, ಮೆಟ್ಟಿಲು ಹತ್ತುತ್ತಾರೆ, ಸಾಮಾನು ಹೊರುತ್ತಾರೆ. ಪೂರ್ತಿ ಅಲುಗಾಡದಿರುವುದು ಬೇರೆಯೇ ಸಂಗತಿ. ಆರೋಗ್ಯವಂತ ಯುವಕರ ಒಂದು ಕಾಲನ್ನು ಪಟ್ಟಿ ಹಾಕಿ ನಿಶ್ಚಲವಾಗಿರಿಸಿದಾಗ ಐದೇ ದಿನಗಳಲ್ಲಿ ತೊಡೆಯ ಬಲ ಶೇ. 9ರಷ್ಟು, ಎರಡು ವಾರಗಳಲ್ಲಿ ಶೇ. 23ರಷ್ಟು ಕುಸಿದದ್ದು ನೆದರ್ಲೆಂಡ್ಸಿನ ಅಧ್ಯಯನದಲ್ಲಿ ದಾಖಲಾಗಿದೆ. ಅಮೆರಿಕದಲ್ಲಿ ಆರೋಗ್ಯವಂತ ಹಿರಿಯರನ್ನು 10 ದಿನ ಹಾಸಿಗೆಯಲ್ಲೇ ಇರಿಸಿ ನೋಡಿದಾಗ ಅವರ ಕಾಲುಗಳಿಂದ ಸುಮಾರು ಒಂದು ಕಿಲೋದಷ್ಟು ಕೊಬ್ಬುರಹಿತ ಅಂಗಾಂಶ ಕರಗಿತ್ತು. ಜ್ವರವೋ ಶಸ್ತ್ರಚಿಕಿತ್ಸೆಯೋ ಆದ ಹಿರಿಯರಿಗೆ ‘ನೀವು ಏಳಬೇಡಿ, ಎಲ್ಲ ಇಲ್ಲಿಗೇ ತಂದುಕೊಡುತ್ತೇವೆ’ ಎಂದು ನಮ್ಮ ಮನೆಗಳಲ್ಲಿ ತೋರುವ ಅಕ್ಕರೆ, ವೈದ್ಯರು ಓಡಾಡಲು ಅನುಮತಿ ಕೊಟ್ಟ ಮೇಲೂ ಮುಂದುವರಿದರೆ, ಅವರ ಕಾಲಿನ ಕಸುವನ್ನೇ ಕಿತ್ತುಕೊಳ್ಳುತ್ತದೆ.

ಗಳಿಸಿದ್ದನ್ನು ಕಾಪಾಡಿಕೊಳ್ಳಲು ಬೇಕಾದ ಶ್ರಮವಂತೂ ಅಚ್ಚರಿಯಾಗುವಷ್ಟು ಕಡಿಮೆ. ಅಲಬಾಮಾ ವಿಶ್ವವಿದ್ಯಾಲಯದ ಬರ್ಮಿಂಗ್‌ಹ್ಯಾಮ್ ಕೇಂದ್ರದ ಸಂಶೋಧಕರು 16 ವಾರ, ವಾರಕ್ಕೆ ಮೂರು ದಿನ ತರಬೇತಿ ಕೊಟ್ಟು, ಮುಂದಿನ 32 ವಾರ ಕೆಲವರಿಗೆ ಅದರ ಮೂರನೇ ಒಂದು ಭಾಗವನ್ನು, ಕೆಲವರಿಗೆ ಒಂಬತ್ತನೇ ಒಂದು ಭಾಗವನ್ನು ಮಾತ್ರ ಮಾಡಿಸಿದರು. ಒಂಬತ್ತನೇ ಒಂದು ಭಾಗವೆಂದರೆ ವಾರಕ್ಕೆ ಒಂದೇ ದಿನ, ಪ್ರತಿ ವ್ಯಾಯಾಮಕ್ಕೆ ಒಂದೇ ಸೆಟ್. ಇಷ್ಟರಿಂದಲೇ 20ರಿಂದ 35 ವರ್ಷದವರಲ್ಲಿ ಬಲವೂ ಗಾತ್ರವೂ ಉಳಿದವು. 60ರಿಂದ 75 ವರ್ಷದವರಲ್ಲಿ ಬಲ ಬಹುಮಟ್ಟಿಗೆ ಉಳಿಯಿತು, ಸ್ನಾಯುವಿನ ಗಾತ್ರ ಮಾತ್ರ ಉಳಿಯಲಿಲ್ಲ. ಅದಕ್ಕೆ ಆ ವಯಸ್ಸಿನವರು ವಾರದಲ್ಲಿ ಒಂದಕ್ಕಿಂತ ಹೆಚ್ಚು ದಿನ ಭಾರ ಎತ್ತಬೇಕಾಗುತ್ತದೆ.